ಲೈಸೆನ್ಸ್ ಮಾರಿದ ದುಡ್ಡು, ಗವರ್ನರ್ ಗದ್ದುಗೆ

ಷಿಕಾಗೊ ಸುತ್ತಲಿನ ಒಂದು ಉಪನಗರ. ಅಲ್ಲೊಂದು ಡ್ರೈವಿಂಗ್ ಲೈಸೆನ್ಸ್ ಕಚೇರಿ. 1990ರ ದಶಕದ ಮೊದಲ ವರ್ಷಗಳು. ಕೌಂಟರಿನ ಮುಂದೆ ಕಣ್ಣಿನ ಪರೀಕ್ಷೆಗೆ ಒಂದು ಸಾಲು, ಲಿಖಿತ ಪರೀಕ್ಷೆಗೆ ಒಂದು, ಫೋಟೊಗೆ ಇನ್ನೊಂದು. ಹೊರಗೆ ಭಾರಿ ಲಾರಿಗಳು ಚಾಲನಾ ಪರೀಕ್ಷೆಗೆ ಕಾದು ನಿಂತಿವೆ. ಮ್ಯಾನೇಜರರ ಮೇಜಿನಲ್ಲಿ ಮಾತ್ರ ಲೈಸೆನ್ಸಿಗೂ ಲಾರಿಗೂ ಸಂಬಂಧವಿಲ್ಲದ ಒಂದು ಕಟ್ಟು ಇದೆ. ಅದು ಇಲಾಖೆಯ ಸಾಹೇಬರ ಚುನಾವಣಾ ನಿಧಿಗಾಗಿ ನಡೆಯುವ ಕೂಟಗಳ ಟಿಕೆಟ್ ಕಟ್ಟು.

ಟಿಕೆಟ್ ಮಾರುವುದು ಸರ್ಕಾರಿ ನೌಕರರ ಕೆಲಸವಲ್ಲ. ಆದರೆ ಸಾಹೇಬರು ನಾಳೆ ಇನ್ನೂ ದೊಡ್ಡ ಕುರ್ಚಿಗೆ ಹೋಗುವವರು ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚು ಮಾರಿದವರಿಗೆ ಬಡ್ತಿಯ ಆಸೆ, ಮಾರದವರಿಗೆ ಮೂಲೆಗುಂಪಾಗುವ ಭಯ. ನೆಂಟರಿಷ್ಟರಿಗೆ ಎಷ್ಟೆಂದು ಮಾರುವುದು? ಕೆಲವರಿಗೆ ಒಂದು ಸಲೀಸು ದಾರಿ ಹೊಳೆಯಿತು. ಲಾರಿ ಓಡಿಸಲು ಸರಿಯಾಗಿ ಬಾರದವನನ್ನೂ ಪಾಸು ಮಾಡಿದರೆ ಅವನು ನೋಟು ಎಣಿಸುತ್ತಾನೆ. ಆ ನೋಟಿನಿಂದ ಟಿಕೆಟ್ ತಾವೇ ಕೊಂಡರಾಯಿತು. ನಿಧಿಯ ಪುಸ್ತಕದಲ್ಲಿ ಅದು ದೇಣಿಗೆಯೆಂದೇ ದಾಖಲಾಗುತ್ತದೆ.

ಚುನಾವಣಾ ಹಣವೆಂದರೆ ನಮಗೆ ಚೀಲ, ಗೋದಾಮು, ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದ ಕಾರು ನೆನಪಾಗುವುದು ರೂಢಿ. ಅಮೆರಿಕದ ಇಲಿನಾಯ್ ರಾಜ್ಯದ ಕಥೆ ಬೇರೆ. ಅಲ್ಲಿ ಬಹುಪಾಲು ಹಣ ಖಾತೆಗೆ ಜಮೆಯಾದ, ಪಟ್ಟಿಯಲ್ಲಿ ಪ್ರಕಟವಾದ ಹಣ. ಕೊಳಕು ಇದ್ದದ್ದು ಆ ಹಣಕ್ಕೆ ಬದಲಾಗಿ ಮಾರಾಟವಾದ ಸರಕಿನಲ್ಲಿ. ಬೆಲೆ ತೆತ್ತವರು ಕೊಟ್ಟವರೂ ಅಲ್ಲ, ಪಡೆದವರೂ ಅಲ್ಲ.

ಮುಖ್ಯಮಂತ್ರಿಯಂಥ ಗವರ್ನರ್

ಅಮೆರಿಕದ ಗವರ್ನರ್ ಎಂದರೆ ನಮ್ಮ ರಾಜಭವನದ ರಾಜ್ಯಪಾಲರಲ್ಲ. ಜನರೇ ನೇರವಾಗಿ ಮತ ಹಾಕಿ ಆರಿಸುವ, ಬಜೆಟ್ಟು, ಗುತ್ತಿಗೆ, ನೇಮಕ, ರಸ್ತೆ, ಆಸ್ಪತ್ರೆ ಎಲ್ಲದರ ಮೇಲೂ ಕೈಯಾಡಿಸುವ ಅಧಿಕಾರಸ್ಥ. ನಮ್ಮ ಮುಖ್ಯಮಂತ್ರಿಗೆ ಹೆಚ್ಚು ಹತ್ತಿರ. ಮುಖ್ಯಮಂತ್ರಿ ಶಾಸಕರ ಬಲದ ಮೇಲೆ ಕೂರುತ್ತಾರೆ. ಗವರ್ನರ್ ಇಡೀ ರಾಜ್ಯದ ಮುಂದೆ ತಾನೊಬ್ಬನೇ ಅಭ್ಯರ್ಥಿಯಾಗಿ ನಿಂತು ಗೆಲ್ಲಬೇಕು. ಆದ್ದರಿಂದ ಟಿವಿ ಜಾಹೀರಾತಿನ ಖರ್ಚೂ ಅವನದೇ ನಿಧಿಯ ಮೇಲೆ ಬೀಳುತ್ತದೆ.

ಇಲಿನಾಯ್‌ನಲ್ಲಿ ಇನ್ನೊಂದು ವಿಚಿತ್ರವಿದೆ. ಅಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡುವುದು ಸಾರಿಗೆ ಇಲಾಖೆಯಲ್ಲ, ಸೆಕ್ರೆಟರಿ ಆಫ್ ಸ್ಟೇಟ್ ಎಂಬ ಕಚೇರಿ. ದೇಶಮಟ್ಟದಲ್ಲಿ ಈ ಹೆಸರಿನವರು ವಿದೇಶಾಂಗ ಸಚಿವರು. ರಾಜ್ಯಮಟ್ಟದಲ್ಲಿ ಮಾತ್ರ ಲೈಸೆನ್ಸ್, ವಾಹನ ನೋಂದಣಿ, ನಂಬರ್ ಪ್ಲೇಟುಗಳ ಯಜಮಾನರು. ಈ ಹುದ್ದೆಗೂ ಚುನಾವಣೆಯೇ. ರಾಜ್ಯದ ಪ್ರತಿಯೊಬ್ಬ ಚಾಲಕನ ಜೇಬಿನಲ್ಲೂ ಆ ವ್ಯಕ್ತಿಯ ಹೆಸರಿರುವ ಕಾರ್ಡು ಕೂತಿರುತ್ತದೆ. ಗವರ್ನರ್ ಆಗಬೇಕೆನ್ನುವವರಿಗೆ ಇದಕ್ಕಿಂತ ಅಗ್ಗದ ಪ್ರಚಾರ ಸಿಗದು.

1991ರಿಂದ 1999ರವರೆಗೆ ಆ ಹುದ್ದೆಯಲ್ಲಿದ್ದವರು ಜಾರ್ಜ್ ರಯಾನ್. ಕ್ಯಾಂಕಕೀ ಎಂಬ ಊರಿನ ಔಷಧದ ಅಂಗಡಿಯ ಮನೆತನದವರು, ರಿಪಬ್ಲಿಕನ್ ಪಕ್ಷದವರು. ವಿಧಾನಸಭೆಯ ಸ್ಪೀಕರ್, ಲೆಫ್ಟಿನೆಂಟ್ ಗವರ್ನರ್ ಆಗಿ ಹಂತಹಂತವಾಗಿ ಮೇಲೆ ಬಂದವರು. ವಿರೋಧ ಪಕ್ಷದವರ ಹೆಗಲ ಮೇಲೂ ಕೈಹಾಕಿ ಕೆಲಸ ಮಾಡಿಸಿಕೊಳ್ಳುವ ಹಳೇ ಕಾಲದ ರಾಜಕಾರಣಿ. ಅವರ ಚುನಾವಣಾ ನಿಧಿಯ ಹೆಸರು ‘ಸಿಟಿಜನ್ಸ್ ಫಾರ್ ರಯಾನ್’, ಅಂದರೆ ರಯಾನ್ ಪರ ನಾಗರಿಕರು. ಟಿಕೆಟ್ ಮಾರಾಟದ ಹೊರೆ ಹೊತ್ತವರು ನಾಗರಿಕರಿಗಿಂತ ಹೆಚ್ಚಾಗಿ ನೌಕರರು ಎಂಬುದು ಆಮೇಲೆ ತಿಳಿಯಿತು.

ನೌಕರರಿಂದ ಪಕ್ಷದ ಕೆಲಸ ಮಾಡಿಸುವುದು ಇಲಿನಾಯ್‌ಗೆ ಹೊಸದಲ್ಲ. ಕೆಲಸ ಕೊಡಿಸಿದ ಧಣಿಗೆ ಚುನಾವಣೆಯಲ್ಲಿ ದುಡಿದು ಋಣ ತೀರಿಸುವ ಪದ್ಧತಿಯ ಮೇಲೆಯೇ ಷಿಕಾಗೊದ ರಾಜಕೀಯ ತಲೆಮಾರುಗಟ್ಟಲೆ ನಡೆದಿತ್ತು. ಹಿಂದೆ ಒಟ್ಟೊ ಕರ್ನರ್ ಎಂಬ ಗವರ್ನರ್ ಕುದುರೆ ರೇಸಿನ ಕಂಪನಿಯ ಷೇರುಗಳನ್ನು ಅಗ್ಗದಲ್ಲಿ ಪಡೆದು 1973ರಲ್ಲಿ ಅಪರಾಧಿಯಾದರು. ಆ ವ್ಯವಹಾರ ಬಯಲಿಗೆ ಬಂದ ಬಗೆ ಇಂದಿಗೂ ಅಲ್ಲಿ ಹರಟೆಯ ವಸ್ತು: ಷೇರು ಕೊಟ್ಟ ರೇಸ್‌ಕೋರ್ಸ್ ಒಡತಿ ಅದನ್ನು ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ತೋರಿಸಿಬಿಟ್ಟಿದ್ದಳು!

1994ರ ನವೆಂಬರ್ 8

ಆ ದಿನ ಇಲಿನಾಯ್‌ನಲ್ಲಿ ಮತದಾನ. ರಯಾನ್ ಎರಡನೇ ಅವಧಿಗೆ ಸೆಕ್ರೆಟರಿ ಆಫ್ ಸ್ಟೇಟ್ ಆಗಿ ಗೆದ್ದ ದಿನ.

ಅದೇ ದಿನ ಷಿಕಾಗೊದ ಒಬ್ಬ ಪಾದ್ರಿ, ಅವರ ಹೆಂಡತಿ ಮತ್ತು ಆರು ಮಕ್ಕಳು ವ್ಯಾನಿನಲ್ಲಿ ಪಕ್ಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಹೊರಟಿದ್ದರು. ಹಿರಿಯವನಿಗೆ 13 ವರ್ಷ, ಕೊನೆಯ ಕೂಸಿಗೆ ಆರು ವಾರ. ಮಿಲ್ವಾಕಿ ನಗರದ ಹೆದ್ದಾರಿಯಲ್ಲಿ ಮುಂದಿದ್ದ ಲಾರಿಯ ಹಿಂಬದಿಯಿಂದ ಒಂದು ಭಾರವಾದ ಲೋಹದ ಭಾಗ ಕಳಚಿ ರಸ್ತೆಗೆ ಬಿತ್ತು. ವ್ಯಾನು ಅದರ ಮೇಲೆ ಹರಿದಾಗ ಇಂಧನದ ಟ್ಯಾಂಕು ಸೀಳಿ ಬೆಂಕಿ ಹತ್ತಿಕೊಂಡಿತು. ಗಂಡ ಹೆಂಡತಿ ಸುಟ್ಟ ಗಾಯಗಳೊಂದಿಗೆ ಹೊರಬಂದರು. ಐದು ಮಕ್ಕಳು ಅಲ್ಲೇ ಸತ್ತರು, ಹಿರಿಯ ಹುಡುಗ ಮರುದಿನ ಆಸ್ಪತ್ರೆಯಲ್ಲಿ.

ಆ ಭಾಗ ಜೋತಾಡುತ್ತಿರುವುದನ್ನು ದಾರಿಯಲ್ಲಿ ಬೇರೆ ಲಾರಿ ಚಾಲಕರು ಗಮನಿಸಿದ್ದರು. ಲಾರಿಯವರು ಪರಸ್ಪರ ಮಾತಾಡಲು ಬಳಸುವ ರೇಡಿಯೊದಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಆದರೆ ಆ ಲಾರಿಯ ಚಾಲಕನಿಗೆ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಅವನ ಲೈಸೆನ್ಸು ಇಲಿನಾಯ್‌ನ ಮೆಕುಕ್ ಎಂಬ ಊರಿನ ಕಚೇರಿಯದು. ಅದು ಲಂಚ ಕೊಟ್ಟು ಪಡೆದದ್ದು ಎಂಬ ಸಂಗತಿ ಹೊರಬರಲು ವರ್ಷಗಳೇ ಹಿಡಿದವು.

ಇಂಥ ಕಡೆ ಸಿಟ್ಟು ಚಾಲಕನ ಮೇಲೆ ತಿರುಗುವುದು ಸುಲಭ. ಆದರೆ ಪರೀಕ್ಷೆ ಎಂಬುದು ಇರುವುದೇ ಅಂಥವನನ್ನು ಲಾರಿಯಿಂದ ದೂರ ಇಡಲಿಕ್ಕೆ. ಅಡ್ಡ ನಿಲ್ಲಬೇಕಾದ ಕಚೇರಿಯೇ ಬದಿಗೆ ಸರಿದು ದಾರಿ ಬಿಟ್ಟಿತ್ತು, ಮತ್ತು ಸರಿಯಲು ಅದಕ್ಕೊಂದು ಕಾರಣವಿತ್ತು.

ಮುಚ್ಚಿಹೋದ ಕಡತ

ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ತನ್ನದೇ ಒಂದು ಆಂತರಿಕ ತನಿಖಾ ವಿಭಾಗವಿತ್ತು. ಅಲ್ಲಿದ್ದ ಅಧಿಕಾರಿಯೊಬ್ಬರು ಈ ಚಾಲಕನ ಲೈಸೆನ್ಸ್ ಬಗ್ಗೆ ಸುಳಿವು ಹಿಡಿದು ಹೊರಟರು. ಮುಂದುವರಿಸಬೇಡಿ ಎಂಬ ಮಾತು ಮೇಲಿನಿಂದ ಬಂತು. ಮೆಕುಕ್ ಕಚೇರಿಯ ಮಹಿಳಾ ನೌಕರರೊಬ್ಬರೂ ಅಲ್ಲಿ ನಡೆಯುತ್ತಿದ್ದ ಲೈಸೆನ್ಸ್ ವ್ಯಾಪಾರದ ಬಗ್ಗೆ ದೂರು ಹೇಳಿಕೊಂಡು ಬಂದಿದ್ದರು. ಕೇಳಿಸಿಕೊಂಡವರು ಯಾರೂ ಕದಲಲಿಲ್ಲ.

ತನಿಖಾ ವಿಭಾಗದ ಮುಖ್ಯಸ್ಥರಾಗಿದ್ದ ಡೀನ್ ಬಾವರ್ ರಯಾನ್ ಅವರ ಹಳೆಯ ಗೆಳೆಯ, ಒಂದೇ ಊರಿನವರು. ಕಳ್ಳತನ ಹಿಡಿಯಬೇಕಾದ ಕುರ್ಚಿಯಲ್ಲಿ ಕೂತು, ಧಣಿಗೆ ಮುಜುಗರವಾಗುವ ಕಡತಗಳನ್ನು ಕೆಳಗೆ ತಳ್ಳುವುದೇ ಅವರ ಕೆಲಸವಾಗಿತ್ತೆಂದು ಸರ್ಕಾರಿ ವಕೀಲರು ಆಮೇಲೆ ಹೇಳಿದರು. ತನಿಖೆಗೆ ಅಡ್ಡಿಪಡಿಸಿದ ತಪ್ಪನ್ನು ಬಾವರ್ 2001ರಲ್ಲಿ ಒಪ್ಪಿಕೊಂಡರು. 1994ರ ಚುನಾವಣೆ ಮುಗಿದ ಮೇಲೆ ಆ ವಿಭಾಗವನ್ನೇ ಪುನರ್ರಚನೆಯ ಹೆಸರಿನಲ್ಲಿ ಮೊಟಕುಗೊಳಿಸಿ, ಕಿರಿಕಿರಿ ಮಾಡುತ್ತಿದ್ದ ತನಿಖಾಧಿಕಾರಿಗಳನ್ನು ಮನೆಗೆ ಕಳಿಸಲಾಗಿತ್ತು.

ಈ ಹಗರಣದಲ್ಲಿ ನನಗೆ ಲಂಚಕ್ಕಿಂತ ಹೆಚ್ಚು ಕಾಡುವ ಭಾಗ ಇದು. ಲಂಚ ಎಲ್ಲ ಊರಲ್ಲೂ ಇದೆ; ದಲ್ಲಾಳಿಯಿಲ್ಲದೆ ಲೈಸೆನ್ಸ್ ಮಾಡಿಸಿಕೊಂಡೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಇಲಿನಾಯ್ ನೋಡಿ ಮೂಗು ಮುರಿಯುವಂತಿಲ್ಲ. ಆದರೆ ಸಾಮಾನ್ಯ ಲಂಚಕೋರನಿಗೆ ಮೇಲಧಿಕಾರಿಯ ಭಯವಾದರೂ ಇರುತ್ತದೆ. ಲಂಚದ ಹಣ ಮೇಲಿನವರ ಚುನಾವಣಾ ನಿಧಿಗೇ ಹೋಗುತ್ತಿರುವಾಗ ಆ ಭಯ ತಿರುಗುಮುರುಗಾಗುತ್ತದೆ. ತನಿಖೆ ಮಾಡುವವನೇ ಅಂಜಬೇಕಾಗುತ್ತದೆ.

1998ರ ಸ್ಪರ್ಧೆ

ರಯಾನ್ ಗವರ್ನರ್ ಚುನಾವಣೆಗೆ ನಿಂತದ್ದು 1998ರಲ್ಲಿ. ಎದುರಾಳಿ ಡೆಮಾಕ್ರಟಿಕ್ ಪಕ್ಷದ ಗ್ಲೆನ್ ಪೊಶಾರ್ಡ್, ದಕ್ಷಿಣ ಇಲಿನಾಯ್‌ನ ಹಳ್ಳಿ ಸೀಮೆಯಿಂದ ಬಂದ ಸಂಸತ್ ಸದಸ್ಯ. ಹಿತಾಸಕ್ತಿ ಗುಂಪುಗಳ ಹಣ ಮುಟ್ಟುವುದಿಲ್ಲ ಎಂಬ ಹಠ ಅವರದು. ಗರ್ಭಪಾತ, ಬಂದೂಕಿನ ವಿಷಯಗಳಲ್ಲಿ ಅವರು ಸಂಪ್ರದಾಯವಾದಿ. ಹಾಗಾಗಿ ಷಿಕಾಗೊದ ಸ್ವಪಕ್ಷೀಯರೇ ಅವರ ಬಗ್ಗೆ ತಣ್ಣಗಿದ್ದರು. ರಯಾನ್ ಬಳಿ ಹಣವೂ ಹೆಚ್ಚು, ಗುರುತೂ ಹೆಚ್ಚು.

ಮತದಾನಕ್ಕೆ ಕೆಲವೇ ವಾರಗಳಿದ್ದಾಗ ಒಕ್ಕೂಟ ಸರ್ಕಾರದ ತನಿಖಾಧಿಕಾರಿಗಳು ಲೈಸೆನ್ಸ್ ಪ್ರಕರಣದ ಮೊದಲ ಆರೋಪಗಳನ್ನು ಹೊರಹಾಕಿದರು. ‘ಆಪರೇಷನ್ ಸೇಫ್ ರೋಡ್’ ಎಂದು ಅದರ ಹೆಸರು. ಲಂಚದ ಹಣದ ಒಂದು ಪಾಲು ರಯಾನ್ ನಿಧಿಗೆ ಹೋಗಿದೆ ಎಂಬ ಮಾತು ಆಗಲೇ ಬಯಲಾಯಿತು. ಪೊಶಾರ್ಡ್ ಆರು ಮಕ್ಕಳ ಸಾವನ್ನು ಪ್ರಚಾರಕ್ಕೆ ತಂದರು. ತನಗೆ ಏನೂ ತಿಳಿದಿಲ್ಲವೆಂದರು ರಯಾನ್. ಸತ್ತ ಮಕ್ಕಳ ಹೆಸರಿನಲ್ಲಿ ಮತ ಕೇಳುವುದು ಅತಿಯಾಯಿತು ಎಂದುಕೊಂಡ ಮತದಾರರೂ ಇದ್ದಿರಬೇಕು. ಒಟ್ಟು ಸುಮಾರು 33 ಲಕ್ಷ ಮತಗಳಲ್ಲಿ 1.2 ಲಕ್ಷದಷ್ಟು ಅಂತರದಿಂದ ರಯಾನ್ ಗೆದ್ದರು.

ಲಂಚದಿಂದ ನಿಧಿಗೆ ಹೋದ ಹಣ ಎಷ್ಟು? ಕನಿಷ್ಠ 1 ಲಕ್ಷ 70 ಸಾವಿರ ಡಾಲರ್ ಎಂದು ತನಿಖೆ ಲೆಕ್ಕ ಹಾಕಿತು. ಗವರ್ನರ್ ಚುನಾವಣೆಯ ಖರ್ಚಿನ ಎದುರು ಇದು ಚಿಲ್ಲರೆ. ಇಷ್ಟು ಸಣ್ಣ ಮೊತ್ತಕ್ಕಾಗಿ ಇಷ್ಟು ದೊಡ್ಡ ರಾದ್ಧಾಂತವೇ ಎಂದು ರಯಾನ್ ಅಭಿಮಾನಿಗಳು ಆಗ ಕೇಳಿದರೆ ಆಶ್ಚರ್ಯವಿಲ್ಲ. ಚುನಾವಣೆ ಆ ಹಣದಿಂದಲೇ ಗೆದ್ದರೋ ಎಂದರೆ ಬಹುಶಃ ಇಲ್ಲ. ಆದರೆ ಹಾನಿಯನ್ನು ಮೊತ್ತದಿಂದ ಅಳೆಯಲು ಹೋದವರು ಲಾರಿಗಳನ್ನು ಮರೆಯುತ್ತಾರೆ. ಪರೀಕ್ಷೆ ಪಾಸಾಗದ ಚಾಲಕರು ಹೆದ್ದಾರಿಗೆ ಬಂದದ್ದು ಈ ಚಿಲ್ಲರೆಗಾಗಿಯೇ.

ಗುಮಾಸ್ತರಿಂದ ಗವರ್ನರ್‌ವರೆಗೆ

ತನಿಖೆ ಕೆಳಗಿನಿಂದ ಮೇಲಕ್ಕೆ ಹತ್ತಿತು. ಮೊದಲು ಪರೀಕ್ಷಕರು ಮತ್ತು ದಲ್ಲಾಳಿಗಳು ಸಿಕ್ಕರು, ಅವರ ಬಾಯಿಂದ ಮ್ಯಾನೇಜರುಗಳು, ಆಮೇಲೆ ರಯಾನ್ ಅವರ ಬಲಗೈಯಂತಿದ್ದ ಸ್ಕಾಟ್ ಫಾವೆಲ್. ಸಣ್ಣವರಿಗೆ ಶಿಕ್ಷೆಯಲ್ಲಿ ರಿಯಾಯಿತಿಯ ಆಸೆ ತೋರಿಸಿ ದೊಡ್ಡವರ ಬಗ್ಗೆ ಬಾಯಿಬಿಡಿಸುವುದು ಅಮೆರಿಕದ ಪ್ರಾಸಿಕ್ಯೂಟರ್‌ಗಳ ಹಳೆಯ ವಿದ್ಯೆ. ಒಟ್ಟು 79 ಮಂದಿಯ ಮೇಲೆ ಆರೋಪ ಹೊರಿಸಿ 76 ಮಂದಿಯ ತಪ್ಪು ಸಾಬೀತು ಮಾಡಿದರು.

2001ರಲ್ಲಿ ಷಿಕಾಗೊದ ಒಕ್ಕೂಟ ಪ್ರಾಸಿಕ್ಯೂಟರ್ ಆಗಿ ಬಂದ ಪ್ಯಾಟ್ರಿಕ್ ಫಿಟ್ಸ್‌ಜೆರಾಲ್ಡ್ ನ್ಯೂಯಾರ್ಕಿನವರು. ಊರಿನ ಯಾವ ಬಣಕ್ಕೂ ಸೇರದ ಹೊರಗಿನವರೇ ಬೇಕೆಂದು ಅವರನ್ನು ಆರಿಸಿ ತಂದವರು ಇಲಿನಾಯ್‌ನ ಸೆನೆಟರ್ ಪೀಟರ್ ಫಿಟ್ಸ್‌ಜೆರಾಲ್ಡ್. ಹೆಸರು ಒಂದೇ, ನೆಂಟಸ್ತಿಕೆ ಇಲ್ಲ. ಈ ಕಥೆಯಲ್ಲಿ ಇಂಥದ್ದು ಮತ್ತೊಂದೂ ಬರುತ್ತದೆ.

2003ರ ಮಾರ್ಚಿನಲ್ಲಿ ಫಾವೆಲ್ ಜೊತೆಗೆ ‘ಸಿಟಿಜನ್ಸ್ ಫಾರ್ ರಯಾನ್’ ಸಮಿತಿಯೇ ಅಪರಾಧಿ ಎಂದು ಜ್ಯೂರಿ ಹೇಳಿತು. ಸಂಘಟಿತ ಅಪರಾಧಿ ಗುಂಪುಗಳನ್ನು ಹಿಡಿಯಲು ಮಾಡಿದ ಕಾನೂನಿನಡಿ ಒಂದು ಚುನಾವಣಾ ನಿಧಿಯನ್ನು ಕಟಕಟೆಗೆ ತಂದದ್ದು ಅಪರೂಪದ ಸಂಗತಿ. ಶಿಕ್ಷೆಯಾದ ಮೇಲೂ ಫಾವೆಲ್ ಹಳೆಯ ಧಣಿಯ ವಿರುದ್ಧ ಮಾತಾಡಲು ಒಪ್ಪಿರಲಿಲ್ಲ. ಕೊನೆಗೆ ತಾನು ಮದುವೆಯಾಗಲಿದ್ದ ಹೆಣ್ಣಿಗೆ ಶಿಕ್ಷೆ ಕಡಿಮೆಯಾಗಲೆಂದು, ಮನಸ್ಸಿಲ್ಲದ ಮನಸ್ಸಿನಿಂದ ಸಾಕ್ಷಿ ಹೇಳಿದರು.

ರಯಾನ್ ವಿಚಾರಣೆ 2005ರ ಸೆಪ್ಟೆಂಬರಿನಿಂದ ಆರು ತಿಂಗಳಿಗೂ ಮೀರಿ ನಡೆಯಿತು. ಲೈಸೆನ್ಸ್ ಲಂಚವನ್ನು ಅವರು ಕೈಯಾರೆ ಪಡೆದರೆಂದು ಯಾರೂ ಹೇಳಲಿಲ್ಲ. ಗೆಳೆಯರಿಗೆ ಸರ್ಕಾರಿ ಗುತ್ತಿಗೆ ಮತ್ತು ಬಾಡಿಗೆ ಕರಾರು ಕೊಡಿಸಿ ಪ್ರತಿಫಲ ಪಡೆದದ್ದು, ಸರ್ಕಾರದ ನೌಕರರನ್ನೂ ಸಾಮಗ್ರಿಯನ್ನೂ ಚುನಾವಣೆಗೆ ದುಡಿಸಿದ್ದು, ಲಂಚದ ತನಿಖೆಯನ್ನು ಅಡಗಿಸಿದ್ದು ಆರೋಪ. 2006ರ ಏಪ್ರಿಲ್ 17ರಂದು 18 ಆರೋಪಗಳಲ್ಲೂ ಅಪರಾಧಿ ಎಂಬ ತೀರ್ಪು ಬಂತು. ಆರೂವರೆ ವರ್ಷ ಸೆರೆ.

ಇದೇ ರಯಾನ್ ಮರಣದಂಡನೆಯ ವಿರೋಧಿಗಳಿಗೆ ವೀರರೂ ಹೌದು. ತಪ್ಪಾಗಿ ಗಲ್ಲು ಶಿಕ್ಷೆಗೆ ಗುರಿಯಾದವರ ಪ್ರಕರಣಗಳು ಒಂದರ ಮೇಲೊಂದು ಹೊರಬಿದ್ದಾಗ 2000ದಲ್ಲಿ ಅವರು ಮರಣದಂಡನೆಯನ್ನೇ ತಡೆಹಿಡಿದರು. 2003ರ ಜನವರಿಯಲ್ಲಿ, ಅಧಿಕಾರ ಬಿಡಲು ಎರಡೇ ದಿನವಿದ್ದಾಗ, 167 ಮಂದಿಯ ಮರಣದಂಡನೆಯನ್ನು ಇಳಿಸಿದರು. ಜೈಲಿನ ನೆರಳು ಬಿದ್ದವನ ತೋರಿಕೆ ಎಂದವರುಂಟು, ಪಶ್ಚಾತ್ತಾಪ ಎಂದವರೂ ಉಂಟು. ಒಬ್ಬ ಮನುಷ್ಯನಲ್ಲಿ ಎರಡೂ ಇರಬಾರದೆಂದೇನಿಲ್ಲ. 2025ರ ಮೇನಲ್ಲಿ 91ನೆಯ ವಯಸ್ಸಿನಲ್ಲಿ ರಯಾನ್ ತೀರಿಕೊಂಡಾಗ ಪತ್ರಿಕೆಗಳು ಎರಡನ್ನೂ ಒಂದೇ ವಾಕ್ಯದಲ್ಲಿ ಬರೆಯಬೇಕಾಯಿತು.

ದೇಣಿಗೆ ಯಾವಾಗ ಲಂಚ?

ಕಾನೂನಿನ ದೃಷ್ಟಿಯಲ್ಲಿ ಇದು ತೋರುವಷ್ಟು ಸರಳವಲ್ಲ. ಒಬ್ಬ ಗುತ್ತಿಗೆದಾರ ಗವರ್ನರ್ ನಿಧಿಗೆ ಚೆಕ್ ಬರೆದ. ಆರು ತಿಂಗಳ ಮೇಲೆ ಅವನಿಗೆ ರಸ್ತೆ ಗುತ್ತಿಗೆ ಸಿಕ್ಕಿತು. ಇದು ಲಂಚವೇ? ಗವರ್ನರ್ ನೀತಿ ಮೆಚ್ಚಿ ಕೊಟ್ಟೆ ಎನ್ನುತ್ತಾನೆ ಅವನು. ಕಡಿಮೆ ದರ ಹಾಕಿದ್ದ, ಕೊಟ್ಟೆವು ಎನ್ನುತ್ತದೆ ಇಲಾಖೆ.

ಅಮೆರಿಕದ ಸುಪ್ರೀಂ ಕೋರ್ಟ್ 1976ರ ಬಕ್ಲಿ ಪ್ರಕರಣದಲ್ಲಿ ಒಂದು ಗೆರೆ ಎಳೆಯಿತು: ಅಭ್ಯರ್ಥಿಗೆ ಕೊಡುವ ದೇಣಿಗೆಗೆ ಸರ್ಕಾರ ಮಿತಿ ಹಾಕಬಹುದು, ಪ್ರಚಾರಕ್ಕೆ ಮಾಡುವ ಖರ್ಚಿಗೆ ಹಾಕುವಂತಿಲ್ಲ, ಅದು ವಾಕ್ ಸ್ವಾತಂತ್ರ್ಯ. ಸ್ವಂತ ಹಣ ಸುರಿಯುವ ಸಿರಿವಂತ ಅಭ್ಯರ್ಥಿಗೂ ಇದರಿಂದ ಬಾಗಿಲು ತೆರೆದುಕೊಂಡಿತು.

ಇನ್ನೊಂದು ಗೆರೆ ಬಂದದ್ದು 1991ರಲ್ಲಿ. ವೆಸ್ಟ್ ವರ್ಜೀನಿಯಾ ರಾಜ್ಯದ ಮೆಕಾರ್ಮಿಕ್ ಎಂಬ ಶಾಸಕ, ವಿದೇಶದಲ್ಲಿ ಓದಿ ಬಂದು ತಾತ್ಕಾಲಿಕ ಪರವಾನಗಿಯ ಮೇಲೆ ಅಲ್ಲಿ ದುಡಿಯುತ್ತಿದ್ದ ವೈದ್ಯರ ಪರ ಮಸೂದೆ ಮಂಡಿಸಿದ್ದರು. ಆ ವೈದ್ಯರಿಂದ ಹಣ ಪಡೆದಿದ್ದರು. ದೇಣಿಗೆ ಕೊಟ್ಟವರ ಪರ ಕೆಲಸ ಮಾಡುವುದನ್ನೇ ಅಪರಾಧವೆಂದರೆ ಎಲ್ಲ ರಾಜಕಾರಣಿಗಳೂ ಅಪರಾಧಿಗಳೇ ಎಂಬ ಧಾಟಿಯಲ್ಲಿ ಯೋಚಿಸಿತು ಕೋರ್ಟು. ‘ಇಷ್ಟು ಕೊಟ್ಟರೆ ಈ ಕೆಲಸ’ ಎಂಬ ಸ್ಪಷ್ಟ ಕೊಡುಕೊಳ್ಳುವಿಕೆ ಸಾಬೀತಾದರೆ ಮಾತ್ರ ದೇಣಿಗೆ ಸುಲಿಗೆಯಾಗುತ್ತದೆ ಎಂದಿತು.

ಅಂಥ ಮಾತನ್ನು ಚೆಕ್ಕಿನ ಹಿಂದೆ ಯಾರೂ ಬರೆದುಕೊಡುವುದಿಲ್ಲ. ಹಾಗಾಗಿ ತನಿಖೆಗೆ ಉಳಿಯುವುದು ಎರಡೇ ದಾರಿ: ಒಳಗಿನವನೊಬ್ಬ ಬಾಯಿಬಿಡಬೇಕು, ಇಲ್ಲವೇ ಫೋನಿಗೆ ಕಿವಿಗೊಡಬೇಕು. ರಯಾನ್ ಸಿಕ್ಕಿದ್ದು ಮೊದಲನೆಯದರಿಂದ. ಅವರ ನಂತರ ಬಂದವರು ಎರಡನೆಯದಕ್ಕೆ ಸಿಕ್ಕರು.

ಸುಧಾರಣೆಯ ಹೆಸರಲ್ಲಿ ಬಂದವರು

2002ರಲ್ಲಿ ರಯಾನ್ ಸ್ಪರ್ಧಿಸಲಿಲ್ಲ. ರಿಪಬ್ಲಿಕನ್ ಅಭ್ಯರ್ಥಿಯಾದವರು ರಾಜ್ಯದ ಅಟಾರ್ನಿ ಜನರಲ್ ಜಿಮ್ ರಯಾನ್. ಜಾರ್ಜ್ ರಯಾನ್‌ಗೂ ಇವರಿಗೂ ಯಾವ ಸಂಬಂಧವೂ ಇಲ್ಲ, ಆದರೆ ಮತಪತ್ರದ ಮೇಲೆ ಅದನ್ನು ಬರೆಯುವಂತಿರಲಿಲ್ಲ. ಕೊಳೆ ತೊಳೆಯುತ್ತೇನೆಂದು ಊರೂರು ಸುತ್ತಿದ ಡೆಮಾಕ್ರಟಿಕ್ ಪಕ್ಷದ ರಾಡ್ ಬ್ಲಾಗೊಯೆವಿಚ್ ಗೆದ್ದರು. 26 ವರ್ಷಗಳ ನಂತರ ಆ ಪಕ್ಷಕ್ಕೆ ಗವರ್ನರ್ ಪಟ್ಟ ಸಿಕ್ಕಿತ್ತು. 2003ರಲ್ಲಿ ಸರ್ಕಾರಿ ನೌಕರರ ನೀತಿ ಸಂಹಿತೆಯ ಹೊಸ ಕಾಯ್ದೆಗೆ ಸಹಿ ಹಾಕಿದವರೂ ಅವರೇ.

ಆಗ ಇಲಿನಾಯ್‌ನಲ್ಲಿ ರಾಜ್ಯಮಟ್ಟದ ಚುನಾವಣೆಗೆ ದೇಣಿಗೆಯ ಮಿತಿಯೇ ಇರಲಿಲ್ಲ. ಯಾರು ಬೇಕಾದರೂ ಎಷ್ಟು ಬೇಕಾದರೂ ಕೊಡಬಹುದು; ಹೆಸರು, ಮೊತ್ತ ಪ್ರಕಟಿಸಿದರೆ ಸಾಕು. ನಮ್ಮ ಚುನಾವಣಾ ಬಾಂಡುಗಳಿಗೆ ಇದು ಸರಿ ವಿರುದ್ಧ. 2024ರ ಫೆಬ್ರುವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಬಾಂಡುಗಳನ್ನು ರದ್ದು ಮಾಡಿದ್ದು ಕೊಟ್ಟವರ ಹೆಸರನ್ನು ಮತದಾರರಿಂದ ಬಚ್ಚಿಟ್ಟದ್ದಕ್ಕೆ. ಇಲಿನಾಯ್‌ನಲ್ಲಿ ಪಟ್ಟಿ ಎಲ್ಲರ ಕಣ್ಣೆದುರೇ ಇತ್ತು, ಮತ್ತು ವ್ಯಾಪಾರ ನಿಲ್ಲಲಿಲ್ಲ. ಹೆಸರು ಹೊರಗಿಟ್ಟರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದು ನಂಬಿದವರು ಈ ರಾಜ್ಯವನ್ನೊಮ್ಮೆ ನೋಡಬೇಕು.

ಪಟ್ಟಿ ಇದ್ದದ್ದರಿಂದ ಪತ್ರಕರ್ತರಿಗೆ ಲೆಕ್ಕ ಹಾಕಲಾದರೂ ಆಯಿತೆನ್ನಿ. ಬ್ಲಾಗೊಯೆವಿಚ್ ನಿಧಿಗೆ ಸರಿಯಾಗಿ 25,000 ಡಾಲರ್ ಬರೆದ ಚೆಕ್ಕುಗಳು 235 ಇದ್ದವೆಂದೂ, ಹಾಗೆ ಕೊಟ್ಟವರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿಗೆ ಸರ್ಕಾರದಿಂದ ಗುತ್ತಿಗೆಯೋ ಹುದ್ದೆಯೋ ಬೇರೇನೋ ಅನುಕೂಲ ಸಿಕ್ಕಿದೆಯೆಂದೂ ‘ಷಿಕಾಗೊ ಟ್ರಿಬ್ಯೂನ್’ 2008ರಲ್ಲಿ ಬರೆಯಿತು.

ಆ ಹೊತ್ತಿಗೆ ಗವರ್ನರ್ ಪರ ಹಣ ಕೂಡಿಸುತ್ತಿದ್ದ ಟೋನಿ ರೆಸ್ಕೊ ಎಂಬ ಉದ್ಯಮಿಯ ವಿಚಾರಣೆ ನಡೆದಿತ್ತು. ಶಿಕ್ಷಕರ ಪಿಂಚಣಿ ನಿಧಿಯ ಹಣವನ್ನು ಯಾವ ಹೂಡಿಕೆ ಸಂಸ್ಥೆಗೆ ಕೊಡಬೇಕೆಂದು ತೀರ್ಮಾನಿಸುವ ಮಂಡಳಿಯಲ್ಲಿ ಸ್ಟುವರ್ಟ್ ಲೆವಿನ್ ಎಂಬಾತ ಸದಸ್ಯ. ಸಂಸ್ಥೆಗಳಿಂದ ವಸೂಲಿ ಹೇಗೆ ನಡೆಯುತ್ತಿತ್ತೆಂದು ಆತನೇ ಸಾಕ್ಷಿಪೀಠದಲ್ಲಿ ಬಿಡಿಸಿ ಹೇಳಿದ. ಅದರಲ್ಲೊಂದು: ‘ಮಿಲಿಯನ್ ಡಾಲರ್ ಬೇಬಿ’ ಚಿತ್ರದ ನಿರ್ಮಾಪಕರಲ್ಲಿ ಒಬ್ಬರಾದ ಥಾಮಸ್ ರೋಸೆನ್‌ಬರ್ಗ್ ಒಂದು ಹೂಡಿಕೆ ಸಂಸ್ಥೆಯ ಪಾಲುದಾರರೂ ಆಗಿದ್ದರು. ಪಿಂಚಣಿ ನಿಧಿಯ 22 ಕೋಟಿ ಡಾಲರ್ ಬೇಕಿದ್ದರೆ ಗವರ್ನರ್ ನಿಧಿಗೆ ದೊಡ್ಡ ದೇಣಿಗೆ ಕೂಡಿಸಿಕೊಡಬೇಕು, ಇಲ್ಲವೇ ತಾವು ಹೇಳಿದವರಿಗೆ ಶುಲ್ಕ ಕೊಡಬೇಕು ಎಂಬ ಸಂದೇಶ ಅವರಿಗೆ ಮುಟ್ಟಿತು. ಅವರು ಸಿಡಿದೆದ್ದು, ಪೊಲೀಸರ ಬಳಿ ಹೋಗುತ್ತೇನೆಂದರು. ಕೇಳಿದವರು ತಣ್ಣಗೆ ಹಿಂದೆ ಸರಿದರು. ಹೀಗೆ ಸಿಡಿದೇಳುವವರ ಸಂಖ್ಯೆ ಕಡಿಮೆ ಎಂಬ ಭರವಸೆಯ ಮೇಲೆಯೇ ಇಡೀ ವಸೂಲಿ ನಿಂತಿತ್ತು. ಹಲವು ಆರೋಪಗಳಲ್ಲಿ ರೆಸ್ಕೊ 2008ರ ಜೂನ್‌ನಲ್ಲಿ ಅಪರಾಧಿಯಾದ.

ಗಡುವಿನ ಆತುರ

2008ರ ಶರತ್ಕಾಲದಲ್ಲಿ ಇಲಿನಾಯ್ ಶಾಸನಸಭೆ ಒಂದು ಕಾನೂನು ಮಾಡಿತು. ಸರ್ಕಾರದೊಡನೆ 50,000 ಡಾಲರ್ ಮೀರಿದ ಗುತ್ತಿಗೆ ಇರುವವರು, ಆ ಗುತ್ತಿಗೆ ಕೊಡುವ ಅಧಿಕಾರಸ್ಥನ ಚುನಾವಣಾ ನಿಧಿಗೆ ದೇಣಿಗೆ ಕೊಡುವಂತಿಲ್ಲ. ಗವರ್ನರ್ ಅಡ್ಡಗಾಲು ಹಾಕಿದರೂ ಸದನ ಅದನ್ನು ಮೀರಿ ಅಂಗೀಕರಿಸಿತು. ಜಾರಿಗೆ ಬರುವುದು 2009ರ ಜನವರಿ 1ರಂದು.

ಗಡುವು ಗೊತ್ತಾದ ಮೇಲೆ ವಸೂಲಿಗೆ ಆತುರ ಬಂತು. ಪ್ರಾಸಿಕ್ಯೂಟರ್‌ಗಳು ಅಕ್ಟೋಬರಿನಲ್ಲಿ ಗವರ್ನರ್ ಅವರ ಪ್ರಚಾರ ಕಚೇರಿಗೂ ಮನೆಯ ಫೋನಿಗೂ ಕದ್ದಾಲಿಕೆ ಜೋಡಿಸಲು ಕೋರ್ಟಿನ ಅನುಮತಿ ಪಡೆದರು. ಮುಂದಿನ ವಾರಗಳಲ್ಲಿ ಅವರು ಕೇಳಿಸಿಕೊಂಡದ್ದರಲ್ಲಿ ಜಗತ್ತಿಗೆ ಹೆಚ್ಚು ಗೊತ್ತಿರುವುದು ಬರಾಕ್ ಒಬಾಮ ಅಧ್ಯಕ್ಷರಾಗಿ ಆಯ್ಕೆಯಾದ್ದರಿಂದ ತೆರವಾದ ಸೆನೆಟ್ ಸ್ಥಾನದ ಚೌಕಾಶಿ. ಆ ಸ್ಥಾನಕ್ಕೆ ಹೆಸರು ಸೂಚಿಸುವ ಅಧಿಕಾರ ಗವರ್ನರ್ ಕೈಯಲ್ಲಿತ್ತು; ಬದಲಿಗೆ ತನಗೆ ಹುದ್ದೆಯೋ ಹಣವೋ ಏನು ದಕ್ಕೀತು ಎಂದು ಆತ ಫೋನಿನಲ್ಲಿ ಲೆಕ್ಕ ಹಾಕುತ್ತಿದ್ದರು.

ನನಗೆ ಅದಕ್ಕಿಂತ ಹೀನವೆನಿಸಿದ್ದು ಮಕ್ಕಳ ಆಸ್ಪತ್ರೆಯ ಪ್ರಕರಣ. ಬಡ ಮಕ್ಕಳಿಗೆ ಚಿಕಿತ್ಸೆ ಕೊಡುವ ವೈದ್ಯರಿಗೆ ಸರ್ಕಾರ ಭರಿಸುವ ದರ ತೀರಾ ಕಡಿಮೆಯಿದೆ, ಹೆಚ್ಚಿಸಿ ಎಂದು ಷಿಕಾಗೊದ ಚಿಲ್ಡ್ರನ್ಸ್ ಮೆಮೋರಿಯಲ್ ಆಸ್ಪತ್ರೆ ಕೇಳಿತ್ತು. ಗವರ್ನರ್ ಒಪ್ಪಿದರು. ಹಿಂದೆಯೇ ಆಸ್ಪತ್ರೆಯ ಮುಖ್ಯಸ್ಥರಿಗೆ 50,000 ಡಾಲರ್ ದೇಣಿಗೆಯ ಬೇಡಿಕೆ ಹೋಯಿತು. ಅವರು ಫೋನಿಗೆ ಸಿಗುವುದನ್ನು ನಿಲ್ಲಿಸಿದಾಗ, ದರ ಏರಿಕೆಯನ್ನು ಈಗಲೂ ತಡೆಹಿಡಿಯಬಹುದೇ ಎಂದು ಗವರ್ನರ್ ತಮ್ಮ ಅಧಿಕಾರಿಯನ್ನು ವಿಚಾರಿಸಿದರು. ಕುದುರೆ ರೇಸಿನ ಮಾಲೀಕರಿಗೆ ಲಾಭವಾಗುವ ಮಸೂದೆಯೊಂದರ ಸಹಿಯನ್ನು 1 ಲಕ್ಷ ಡಾಲರ್ ಬರಲೆಂದು ತಡೆದದ್ದೂ ಅದೇ ದಿನಗಳಲ್ಲಿ. ಕುದುರೆಗಳು ಆ ರಾಜ್ಯದ ಗವರ್ನರ್‌ಗಳನ್ನು ಬಿಡುವಂತೆ ಕಾಣುವುದಿಲ್ಲ.

ಡಿಸೆಂಬರ್ 9ರ ಬೆಳಿಗ್ಗೆ ಬ್ಲಾಗೊಯೆವಿಚ್ ಮನೆಯಲ್ಲೇ ಬಂಧಿತರಾದರು. 2009ರ ಜನವರಿ 29ರಂದು ರಾಜ್ಯ ಸೆನೆಟ್ 59-0 ಮತಗಳಿಂದ ಅವರನ್ನು ಪದಚ್ಯುತಗೊಳಿಸಿತು. 2011ರಲ್ಲಿ 17 ಆರೋಪಗಳಲ್ಲಿ ತಪ್ಪು ಸಾಬೀತಾಗಿ 14 ವರ್ಷ ಸೆರೆ. ಮುಂದೆ ಮೇಲ್ಮನವಿ ನ್ಯಾಯಾಲಯ ಐದು ಆರೋಪಗಳ ತೀರ್ಪನ್ನು ತಳ್ಳಿಹಾಕಿದರೂ ಶಿಕ್ಷೆ ಇಳಿಯಲಿಲ್ಲ. ಸೆರೆಯಲ್ಲಿ ಸುಮಾರು ಎಂಟು ವರ್ಷ ಕಳೆದಾಗ, 2020ರಲ್ಲಿ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಬಿಡುಗಡೆ ಮಾಡಿಸಿದರು. 2025ರ ಫೆಬ್ರುವರಿಯಲ್ಲಿ ಪೂರ್ಣ ಕ್ಷಮಾದಾನವನ್ನೂ ಕೊಟ್ಟರು. ರಾಜಕಾರಣಿಗಳೆಲ್ಲ ದಿನವೂ ಮಾಡುವ ದೇಣಿಗೆಯ ಮಾತಿಗೆ ತನ್ನೊಬ್ಬನನ್ನೇ ಜೈಲಿಗಟ್ಟಿದರು ಎಂಬುದು ಬ್ಲಾಗೊಯೆವಿಚ್ ವಾದ. ಅದರ ಮೊದಲರ್ಧವನ್ನು ಅಲ್ಲಗಳೆಯುವುದು ಕಷ್ಟ.

ಮಿತಿಯೂ ಅದರ ಕಿಂಡಿಯೂ

ಬಂಧನದ ಬಿಸಿಯಲ್ಲಿ ಇಲಿನಾಯ್ 2009ರಲ್ಲಿ ಕೊನೆಗೂ ದೇಣಿಗೆಗೆ ಮಿತಿ ಹಾಕಿತು. 2011ರಿಂದ ಜಾರಿ. ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಮೊದಲಿಗೆ 5,000 ಡಾಲರ್, ಕಂಪನಿ ಅಥವಾ ಕಾರ್ಮಿಕ ಸಂಘ 10,000. ನಂತರ ಬೆಲೆಯೇರಿಕೆಗೆ ತಕ್ಕಂತೆ ಈ ಮೊತ್ತ ಏರುತ್ತದೆ.

ಆದರೆ ಬಕ್ಲಿ ತೀರ್ಪಿನ ಪ್ರಕಾರ ಅಭ್ಯರ್ಥಿಯ ಸ್ವಂತ ಹಣಕ್ಕೆ ತಡೆಯಿಲ್ಲವಲ್ಲ. ಸಿರಿವಂತನೊಬ್ಬ ತನ್ನ ಕೋಟಿಗಳನ್ನು ಸುರಿದರೆ ಎದುರಾಳಿ ಐದೈದು ಸಾವಿರ ಕೂಡಿಸುತ್ತಾ ಕೂರಬೇಕೆ? ಅದಕ್ಕೊಂದು ಕಲಮು ಸೇರಿಸಿದರು: ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಯಾರೇ ಅಭ್ಯರ್ಥಿ 2.5 ಲಕ್ಷ ಡಾಲರಿಗಿಂತ ಹೆಚ್ಚು ಸ್ವಂತ ಹಣ ಹಾಕಿದರೆ ಆ ಸ್ಪರ್ಧೆಯ ಎಲ್ಲರಿಗೂ ಮಿತಿ ಬಿದ್ದುಹೋಗುತ್ತದೆ. ನ್ಯಾಯವಾಗಿಯೇ ಕಾಣುವ ಕಲಮು. ಕೋಟ್ಯಧಿಪತಿಗಳೇ ಅಭ್ಯರ್ಥಿಗಳಾಗಿ ಬಂದಾಗ ಅದೇ ನಿಯಮವಾಯಿತು, ಮಿತಿ ಅಪವಾದವಾಯಿತು.

2018ರಲ್ಲಿ ಹಾಲಿ ಗವರ್ನರ್, ಹೂಡಿಕೆ ಉದ್ಯಮದ ಬ್ರೂಸ್ ರಾನರ್ ಎದುರು ನಿಂತವರು ಹಯಾತ್ ಹೋಟೆಲುಗಳ ಮನೆತನದ ಜೆ. ಬಿ. ಪ್ರಿಟ್ಸ್‌ಕರ್. ಪ್ರಿಟ್ಸ್‌ಕರ್ ಒಬ್ಬರೇ ಸ್ವಂತದ್ದು 17 ಕೋಟಿ ಡಾಲರಿಗೂ ಹೆಚ್ಚು ಹಾಕಿ ಗೆದ್ದರು. ನನ್ನ ಹಣ ನನ್ನದೇ, ಯಾರ ಹಂಗೂ ಇಲ್ಲ ಎಂಬುದು ಇಂಥವರ ಸಮಜಾಯಿಷಿ. ಅದರಲ್ಲಿ ಸತ್ಯವಿದೆ, ಲೈಸೆನ್ಸ್ ಕಚೇರಿಯ ಗುಮಾಸ್ತನಿಗೆ ಅವರು ಟಿಕೆಟ್ ಕಟ್ಟು ಕಳಿಸಬೇಕಿಲ್ಲ. ಸ್ಪರ್ಧೆಗೆ ಇಳಿಯುವ ಧೈರ್ಯ ಯಾರಿಗೆ ಉಳಿಯಿತು ಎಂಬುದು ಬೇರೆ ಪ್ರಶ್ನೆ.

2022ರಲ್ಲಿ ಹಣಕಾಸು ಲೋಕದ ದೊಡ್ಡ ಕುಳ ಕೆನ್ ಗ್ರಿಫಿನ್, ಪ್ರಿಟ್ಸ್‌ಕರ್ ಅವರನ್ನು ಇಳಿಸುವ ಹಟದಿಂದ ಅರೋರಾ ನಗರದ ಮೇಯರ್ ರಿಚರ್ಡ್ ಅರ್ವಿನ್ ಎಂಬ ರಿಪಬ್ಲಿಕನ್ ಅಭ್ಯರ್ಥಿಗೆ 5 ಕೋಟಿ ಡಾಲರ್ ಕೊಟ್ಟರು. ಎಲ್ಲವೂ ಕಾನೂನುಬದ್ಧ, ಎಲ್ಲವೂ ಪ್ರಕಟಿತ. ಪಕ್ಷದ ಒಳಚುನಾವಣೆಯಲ್ಲಿ ಅರ್ವಿನ್ ಮೂರನೆಯವರಾಗಿ ಸೋತರು. ಎರಡನೆಯ ಸ್ಥಾನವೂ ಅವರಿಗೆ ದಕ್ಕಲಿಲ್ಲ.